ಒಂದೇ ಕಂಪನ, ಮನೆಯಲ್ಲಿ ನಾಲ್ಕು ಮಾತು

ಪ್ರಶ್ನೆ: ನಮ್ಮ ಮನೆ ಸುಳ್ಯ ತಾಲ್ಲೂಕಿನ ಸಂಪಾಜೆಯ ಕಡೆ ಇದೆ. 2022ರ ಜೂನ್ 28ರ ಬೆಳಿಗ್ಗೆ ಏಳೂಮುಕ್ಕಾಲರ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಕುಳಿತು ಕಾಯಿ ತುರಿಯುತ್ತಿದ್ದೆ. ಮೊದಲು ಗುಡುಗಿನಂಥ ಸದ್ದು ಕೇಳಿಸಿತು, ಅದರ ಬೆನ್ನಿಗೇ ಸ್ಟ್ಯಾಂಡಿನ ಸ್ಟೀಲ್ ತಟ್ಟೆಗಳೆಲ್ಲ ಗಲಗಲ ಎಂದವು. ನನ್ನ ಲೆಕ್ಕದಲ್ಲಿ ಮೂರು ಸೆಕೆಂಡೂ ಆಗಲಿಲ್ಲ. ಒಳಗೆ ಮಲಗಿದ್ದ ಅತ್ತೆಯವರು, ಯಾರೋ ಮಂಚ ಹಿಡಿದು ಅಲುಗಿಸಿದ ಹಾಗಾಯಿತು, ಒಂದು ನಿಮಿಷವಾದರೂ ಇತ್ತು ಎನ್ನುತ್ತಾರೆ. ತೋಟದಲ್ಲಿದ್ದ ಯಜಮಾನರಿಗೆ ಏನೂ ಗೊತ್ತಾಗಲಿಲ್ಲ; ಇವತ್ತಿಗೂ ನಮ್ಮಿಬ್ಬರನ್ನು ತಮಾಷೆ ಮಾಡುತ್ತಾರೆ. ಬೆಂಗಳೂರಿನಲ್ಲಿರುವ ನಾದಿನಿ, 2012ರಲ್ಲಿ ಒಂಬತ್ತನೇ ಮಹಡಿಯಲ್ಲಿ ತೊಟ್ಟಿಲಲ್ಲಿ ಕೂತಂತೆ ತೂಗಿತ್ತು, ಸದ್ದು ಮಾತ್ರ ಒಂದಿಷ್ಟೂ ಇರಲಿಲ್ಲ ಎನ್ನುತ್ತಾಳೆ. ಅದೇ ಕಟ್ಟಡದ ಗೇಟಿನಲ್ಲಿದ್ದ ಕಾವಲುಗಾರನಿಗೆ ಜನ ಕೆಳಗಿಳಿದು ಬಂದಾಗಲೇ ವಿಷಯ ತಿಳಿದದ್ದಂತೆ. ಇಷ್ಟು ಜನರಲ್ಲಿ ಯಾರ ಮಾತು ಸರಿ?

ಉತ್ತರ: ನಿಮ್ಮ ಅತ್ತೆಯವರ ಒಂದು ನಿಮಿಷದ ಲೆಕ್ಕವೊಂದನ್ನು ಬಿಟ್ಟರೆ ಎಲ್ಲರ ಮಾತೂ ಸರಿ. ಆ ಲೆಕ್ಕ ತಪ್ಪಿದ್ದಕ್ಕೂ ಕಾರಣವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಗೊಂದಲದ ಒಂದು ಮೂಲ ನಮ್ಮ ಭಾಷೆಯಲ್ಲಿಯೇ ಇದೆ. ಆ ಬೆಳಿಗ್ಗೆ ಮಡಿಕೇರಿ ತಾಲ್ಲೂಕಿನ ಚೆಂಬು ಗ್ರಾಮದ ಸಮೀಪ ಆದ ಕಂಪನವನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಉಪಕರಣಗಳು 3.0 ಎಂದು ದಾಖಲಿಸಿದವು. ಪತ್ರಿಕೆಗಳು ಇದನ್ನು '3.0 ತೀವ್ರತೆ' ಎಂದು ಬರೆಯುತ್ತವೆ, ಓದಿದವರು ಆ ತೀವ್ರತೆ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ತಟ್ಟಬೇಕಿತ್ತು ಎಂದುಕೊಳ್ಳುತ್ತಾರೆ. 3.0 ಎಂಬುದು ಭೂಮಿಯೊಳಗೆ ಬಂಡೆ ಜಾರಿದಾಗ ಹೊರಬಿದ್ದ ಶಕ್ತಿಯ ಅಂದಾಜು, ಅಂದರೆ ಕಂಪನದ ಗಾತ್ರ. ನೀವು ನಿಂತ ಜಾಗದಲ್ಲಿ ನೆಲ ಎಷ್ಟು ಅಲುಗಿತು ಎಂಬುದು ಬೇರೆಯೇ ಅಳತೆ, ನಿಜವಾಗಿ ತೀವ್ರತೆ ಎನ್ನಬೇಕಾದದ್ದು ಅದನ್ನು. ಒಗ್ಗರಣೆಗೆ ಎಷ್ಟು ಮೆಣಸಿನಕಾಯಿ ಬಿತ್ತು ಎಂಬುದಕ್ಕೆ ಒಂದೇ ಉತ್ತರವಿರುತ್ತದೆ. ಅದರ ಘಾಟಿಗೆ ಅಡುಗೆಮನೆಯಲ್ಲಿದ್ದವರು ಕೆಮ್ಮಿದರೋ, ಜಗಲಿಯಲ್ಲಿದ್ದವರು ಸೀನಿದರೋ, ಅಂಗಳದಲ್ಲಿದ್ದವರಿಗೆ ವಾಸನೆಯೂ ತಾಗಲಿಲ್ಲವೋ ಎಂಬುದಕ್ಕೆ ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಉತ್ತರಗಳಿರುತ್ತವೆ.

ಈ ಎರಡನೆಯ ಅಳತೆಗೆ ಬಳಸುವ ಮರ್ಕ್ಯಾಲಿ ಮಾಪಕದಲ್ಲಿ ಹನ್ನೆರಡು ಹಂತಗಳಿವೆ, ಮತ್ತು ಅದರ ಕೆಳಗಿನ ಹಂತಗಳ ವಿವರಣೆಯನ್ನು ಓದಿದರೆ ನಿಮ್ಮ ಮನೆಯ ಜಗಳವೇ ಅಲ್ಲಿ ಬರೆದಿಟ್ಟಂತೆ ಕಾಣುತ್ತದೆ. ಎರಡನೆಯ ಹಂತವೆಂದರೆ ವಿಶ್ರಾಂತಿಯಲ್ಲಿರುವ ಕೆಲವರಿಗೆ, ಅದರಲ್ಲೂ ಮೇಲಿನ ಮಹಡಿಯವರಿಗೆ, ಗೊತ್ತಾಗುವ ಕಂಪನ. ಮೂರನೆಯದರಲ್ಲಿ ಮನೆಯೊಳಗಿನವರಿಗೆ ಲಾರಿಯೊಂದು ಹಾದುಹೋದಂತೆ ಅನ್ನಿಸುತ್ತದೆ, ಅದು ಭೂಕಂಪವೆಂದು ಹಲವರಿಗೆ ಹೊಳೆಯುವುದೇ ಇಲ್ಲ. ನಾಲ್ಕನೆಯದರಲ್ಲಿ ಮನೆಯೊಳಗೆ ಹಲವರಿಗೂ ಹೊರಗೆ ಕೆಲವರಿಗೂ ತಿಳಿಯುತ್ತದೆ, ಪಾತ್ರೆಗಳೂ ಕಿಟಕಿಗಳೂ ಸದ್ದು ಮಾಡುತ್ತವೆ. ಒಬ್ಬರಿಗೆ ತಿಳಿದು ಇನ್ನೊಬ್ಬರಿಗೆ ತಿಳಿಯದಿರುವುದು ಈ ಮಾಪಕದ ವ್ಯಾಖ್ಯೆಯಲ್ಲಿಯೇ ಸೇರಿದೆ. ಯಜಮಾನರಿಗೆ ಇದನ್ನು ಓದಿ ಹೇಳಬಹುದು.

ಈಗ ನೀವು ಕೇಳಿದ ಸದ್ದಿನ ವಿಚಾರ. ಬಂಡೆ ಜಾರಿದೊಡನೆ ಎರಡು ಬಗೆಯ ಅಲೆಗಳು ಒಟ್ಟಿಗೇ ಹೊರಡುತ್ತವೆ. 'ಪಿ' ಅಲೆ ಗಟ್ಟಿ ಶಿಲೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ, 'ಎಸ್' ಅಲೆ ಸುಮಾರು ಮೂರೂವರೆ ಕಿಲೋಮೀಟರ್. ಮೊದಲನೆಯದು ಶಬ್ದದಂತೆಯೇ ಹಿಂದೆಮುಂದೆ ತಳ್ಳುತ್ತ ಸಾಗುವ ಅಲೆ. ಅದು ನೆಲದ ಮೇಲ್ಮೈ ತಲುಪಿದಾಗ ನೆಲವೇ ದೊಡ್ಡ ಡೋಲಿನ ಚರ್ಮದಂತೆ ನಡುಗಿ, ಕಂಪನ ಸೆಕೆಂಡಿಗೆ ಇಪ್ಪತ್ತಕ್ಕಿಂತ ವೇಗವಾಗಿದ್ದರೆ ಗಾಳಿಯಲ್ಲಿ ಕಿವಿಗೆ ಕೇಳುವ ಶಬ್ದವಾಗುತ್ತದೆ. ಸಣ್ಣ ಮತ್ತು ಆಳವಿಲ್ಲದ ಕಂಪನಗಳಲ್ಲಿ ಇಂಥ ವೇಗದ ಕಂಪನ ಹೆಚ್ಚು, ಕೇಂದ್ರದ ಹತ್ತಿರವೇ ಇರುವವರಿಗೆ ಅದು ಸವೆಯದೆ ತಲುಪುತ್ತದೆ. ಕೊಡಗು–ದಕ್ಷಿಣ ಕನ್ನಡ ಗಡಿಯಲ್ಲಿ ಜನ ಅಲುಗಾಟಕ್ಕಿಂತ ಹೆಚ್ಚಾಗಿ ಶಬ್ದಕ್ಕೆ ಬೆಚ್ಚಿದ್ದು ಇದರಿಂದ. ಕಂಪನದ ಮೂಲ ನಿಮ್ಮಿಂದ ಹತ್ತು ಕಿಲೋಮೀಟರ್ ದೂರವಿತ್ತು ಎಂದಿಟ್ಟುಕೊಂಡರೆ ಎರಡು ಅಲೆಗಳ ನಡುವಿನ ಅಂತರ ಒಂದು ಸೆಕೆಂಡಿಗೆ ತುಸು ಹೆಚ್ಚು; ಮೊದಲು ಗುಡುಗು, ಬೆನ್ನಿಗೇ ತಟ್ಟೆ ಎಂದು ನೀವು ಬರೆದ ಕ್ರಮ ಇದಕ್ಕೆ ಸರಿಯಾಗಿ ಹೊಂದುತ್ತದೆ.

ತೋಟದಲ್ಲಿದ್ದವರಿಗೆ ಇದು ತಪ್ಪಿಹೋಗಲು ಹಲವು ಕಾರಣಗಳಿವೆ. ಇಂಥ ಕಂಪನದಲ್ಲಿ ನೆಲದ ಅಲುಗಾಟದ ವೇಗೋತ್ಕರ್ಷ ಗುರುತ್ವಾಕರ್ಷಣೆಯ ಸಾವಿರದಲ್ಲಿ ಕೆಲವೇ ಭಾಗದಷ್ಟಿರುತ್ತದೆ. ನಡೆಯುವಾಗ ನಮ್ಮ ದೇಹ ತಾನೇ ಉಂಟುಮಾಡಿಕೊಳ್ಳುವ ಅಲುಗಾಟ ಅದರ ಹತ್ತಾರು ಪಟ್ಟು. ಜೂನ್ ಕೊನೆಯ ವಾರ, ಕಾಲಡಿಯಲ್ಲಿ ನೆನೆದ ಮಣ್ಣು, ಸುತ್ತ ಅಡಿಕೆ ಸೋಗೆಯ ಸದ್ದು. ಅದಕ್ಕಿಂತ ಮುಖ್ಯವಾಗಿ, ತೋಟದಲ್ಲಿ ಗಲಗಲ ಎನ್ನುವಂಥದ್ದು ಏನೂ ಇಲ್ಲ. ನಾವು 'ಭೂಕಂಪ ಗೊತ್ತಾಯಿತು' ಎನ್ನುವಾಗ ಬಹಳಷ್ಟು ಸಲ ಗೊತ್ತಾದದ್ದು ತಟ್ಟೆ, ಹಂಚು, ಕಿಟಕಿಯ ಗಾಜು ಮತ್ತು ಶೀಟು ಹೇಳಿದ ಸುದ್ದಿಯೇ ಆಗಿರುತ್ತದೆ.

ಅತ್ತೆಯವರು ಮಲಗಿದ್ದರು. ಮಲಗಿದವರ ಇಡೀ ಬೆನ್ನು ಮಂಚದ ಮೂಲಕ ನೆಲಕ್ಕೆ ಅಂಟಿಕೊಂಡಿರುತ್ತದೆ, ಸ್ನಾಯುಗಳು ಸುಮ್ಮನಿರುತ್ತವೆ, ಆದ್ದರಿಂದ ಸಣ್ಣ ಅಲುಗಾಟವೂ ತಿಳಿಯುತ್ತದೆ. ಅವರ ಅನುಭವವೇ ನಿಮ್ಮೆಲ್ಲರಿಗಿಂತ ಸೂಕ್ಷ್ಮವಾದದ್ದು. ಅವಧಿಯ ಮಾತು ಬೇರೆ. 3.0ರ ಕಂಪನದಲ್ಲಿ ಬಂಡೆ ಜಾರುವ ಕ್ರಿಯೆ ಒಂದು ಸೆಕೆಂಡಿನೊಳಗೆ ಮುಗಿದಿರುತ್ತದೆ, ಹತ್ತಿರದವರಿಗೆ ತಿಳಿಯುವ ಅಲುಗಾಟ ಕೆಲವೇ ಸೆಕೆಂಡು. ಹೆದರಿಕೆಯ ಗಳಿಗೆಯನ್ನು ನೆನಪು ಹಿಗ್ಗಿಸುತ್ತದೆ, ಇದು ಎಲ್ಲ ವಯಸ್ಸಿನವರಲ್ಲೂ ಕಾಣುವ ಸಂಗತಿ. ಮೂರು ಸೆಕೆಂಡು ಎಂಬ ನಿಮ್ಮ ಅಂದಾಜು ಅಪರೂಪದ್ದು.

ನಾದಿನಿಯವರದು ಇದೆಲ್ಲದರ ತಿರುವುಮುರುವು. 2012ರ ಏಪ್ರಿಲ್ 11ರ ಮಧ್ಯಾಹ್ನ ಎರಡರ ಹೊತ್ತಿಗೆ ಸುಮಾತ್ರಾ ಕರಾವಳಿಯಾಚೆ, ಸಮುದ್ರದ ಅಡಿಯಲ್ಲಿ 8.6ರ ಭೂಕಂಪವಾಯಿತು. ಬೆಂಗಳೂರಿಗೆ ಅಲ್ಲಿಂದ ಸುಮಾರು 2000 ಕಿಲೋಮೀಟರ್. ಇಷ್ಟು ದೂರ ಬರುವಷ್ಟರಲ್ಲಿ ಚುರುಕಾದ ಕಂಪನಗಳೆಲ್ಲ ಸವೆದುಹೋಗಿ, ನಿಧಾನವಾಗಿ ತೂಗುವ ದೀರ್ಘ ಅಲೆಗಳು ಮಾತ್ರ ಉಳಿಯುತ್ತವೆ, ಹಾಗಾಗಿ ಸದ್ದಿಲ್ಲ. ಕಟ್ಟಡಗಳಿಗೆ ತಮ್ಮದೇ ಒಂದು ತೂಗುವ ಲಯವಿದೆ. ಮಹಡಿಗಳ ಸಂಖ್ಯೆಯನ್ನು ಹತ್ತರಿಂದ ಭಾಗಿಸಿದರೆ ಒಂದು ತೂಗಾಟಕ್ಕೆ ಬೇಕಾಗುವ ಸೆಕೆಂಡುಗಳ ಸ್ಥೂಲ ಲೆಕ್ಕ ಸಿಗುತ್ತದೆ. ಹತ್ತು ಹನ್ನೆರಡು ಮಹಡಿಯ ಕಟ್ಟಡ ಸೆಕೆಂಡಿಗೆ ಒಂದು ಸಲ ತೂಗುತ್ತದೆ, ನಿಮ್ಮ ಒಂದಂತಸ್ತಿನ ಮನೆ ಹತ್ತು ಸಲ ನಡುಗುತ್ತದೆ. ಆದ್ದರಿಂದ ದೂರದ ದೊಡ್ಡ ಕಂಪನ ಎತ್ತರದ ಕಟ್ಟಡದ ಮೇಲಿನ ಮಹಡಿಗಳನ್ನು ಹುಡುಕಿಕೊಂಡು ಹೋಗುತ್ತದೆ, ಗೇಟಿನ ಕಾವಲುಗಾರನನ್ನು ಬಿಟ್ಟುಬಿಡುತ್ತದೆ. ಹತ್ತಿರದ ಸಣ್ಣ ಕಂಪನ ಹಂಚಿನ ಮನೆಯ ತಟ್ಟೆಗಳನ್ನು ಕುಣಿಸುತ್ತದೆ. ನಾದಿನಿಯವರು ಆ ಜೂನ್ ಬೆಳಿಗ್ಗೆ ನಿಮ್ಮ ಮನೆಯಲ್ಲಿದ್ದಿದ್ದರೆ, ಇದು ತಾನು ಕಂಡ ಭೂಕಂಪದ ಹಾಗೆ ಇಲ್ಲವೇ ಇಲ್ಲ ಎಂದು ಖಂಡಿತ ವಾದಿಸುತ್ತಿದ್ದರು.

ನೆಲದ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ಬಂಡೆಯ ಮೇಲಿನ ಮನೆಗಿಂತ ಹೊಳೆಬದಿಯ ಮೆಕ್ಕಲು ಮಣ್ಣಿನ ಮೇಲಿನ ಮನೆ ಹೆಚ್ಚು ಅಲುಗುತ್ತದೆ. ಮನಸ್ಸಿನ ಪಾಲೂ ಸಣ್ಣದಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಕುಸಿದದ್ದನ್ನು ಕಂಡವರ ಕಿವಿ ಮಳೆಗಾಲದ ಪ್ರತಿಯೊಂದು ಗುಡುಗನ್ನೂ ನಿಂತು ಆಲಿಸುತ್ತದೆ. ಹೀಗೆ ಆಲಿಸುವುದು ಕೆಲವೊಮ್ಮೆ ದಾರಿ ತಪ್ಪಿಸುವುದೂ ಉಂಟು. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ದೊಡ್ಡ ಸದ್ದು ಕೇಳಿಸಿ ಕಿಟಕಿಗಳು ಅದುರಿದಾಗ ಅನೇಕರು ಭೂಕಂಪವೆಂದೇ ನಂಬಿದರು. ಭೂಕಂಪಮಾಪಕಗಳಲ್ಲಿ ಅದರ ಗುರುತೇ ಇರಲಿಲ್ಲ, ಅದು ವಾಯುಪಡೆಯ ವಿಮಾನದ ಶಬ್ದಾತೀತ ಪರೀಕ್ಷಾ ಹಾರಾಟದ ಸದ್ದು ಎಂದು ರಕ್ಷಣಾ ಇಲಾಖೆ ಅದೇ ದಿನ ತಿಳಿಸಿತು. ಆ ದಿನ ಕಿಟಕಿ ಅದುರಿದ್ದು ನಿಜ, ಅದುರಿಸಿದ್ದು ಗಾಳಿ.

ಮುಂದೆ ಹೀಗಾದರೆ ನಾಲ್ವರೂ ಮಾತಾಡಿಕೊಳ್ಳುವ ಮುನ್ನ ಬೇರೆಬೇರೆಯಾಗಿ ಬರೆದಿಡಿ: ಗಡಿಯಾರದ ಸಮಯ, ಎಲ್ಲಿದ್ದಿರಿ, ಕುಳಿತೋ ಮಲಗಿಯೋ, ಯಾವ ವಸ್ತು ಅಲುಗಿತು, ಸದ್ದು ಮೊದಲೋ ನಂತರವೋ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 'ಡಿಡ್ ಯು ಫೀಲ್ ಇಟ್' ಎಂಬ ತನ್ನ ಜಾಲತಾಣದ ಪ್ರಶ್ನಾವಳಿಯಲ್ಲಿ ಇಂಥವನ್ನೇ ಯಾವ ದೇಶದವರಿಂದಲೂ ಪಡೆಯುತ್ತದೆ. ಅಲ್ಲಿ 'ನನಗೆ ಗೊತ್ತಾಗಲಿಲ್ಲ' ಎಂಬ ಉತ್ತರಕ್ಕೂ ಜಾಗವಿದೆ, ಏಕೆಂದರೆ ಕಂಪನದ ಎಲ್ಲೆ ಎಲ್ಲಿ ಮುಗಿಯಿತೆಂದು ತೋರಿಸುವುದು ಆ ಉತ್ತರವೇ. ಯಜಮಾನರೂ ತುಂಬಲಿ.

ಪ್ರಶ್ನೆ: ನಮ್ಮದು ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಪಕ್ಕದ ಹಳ್ಳಿ. 2021ರ ಅಕ್ಟೋಬರಿನಲ್ಲಿ ಮೇಲಿಂದ ಮೇಲೆ ಭೂಮಿ ನಡುಗಿದಾಗ ನಾವೆಲ್ಲ ಹೊರಗೇ ಮಲಗುತ್ತಿದ್ದೆವು. ಆಮೇಲೆ ಎಷ್ಟೋ ತಿಂಗಳು ರಾತ್ರಿ ಮಲಗಿದರೆ ಹಾಸಿಗೆ ಅಲುಗಿದಂತೆ ಅನ್ನಿಸುತ್ತಿತ್ತು, ಪಕ್ಕದಲ್ಲಿದ್ದ ಮಗನಿಗೆ ಏನೂ ಅನ್ನಿಸುತ್ತಿರಲಿಲ್ಲ. ನನಗೇನಾದರೂ ಭ್ರಮೆಯೇ?

ಉತ್ತರ: ಭ್ರಮೆ ಎಂದು ತಳ್ಳಿಹಾಕುವಂಥದ್ದಲ್ಲ. ಪದೇ ಪದೇ ಕಂಪಿಸಿದ ಊರುಗಳಲ್ಲಿ ಇದು ಸಾಮಾನ್ಯ. 2011ರ ಮಹಾಭೂಕಂಪದ ನಂತರ ಜಪಾನಿನಲ್ಲಿ ಎಷ್ಟೊಂದು ಜನರಿಗೆ ಹೀಗಾಯಿತೆಂದರೆ, 'ಭೂಕಂಪದ ಅಮಲು' ಎಂಬ ಅರ್ಥದ ಮಾತೇ ಅಲ್ಲಿ ಬಳಕೆಯಲ್ಲಿದೆ. ಕಿವಿಯೊಳಗೆ ದೇಹದ ಸಮತೋಲವನ್ನು ಕಾಯುವ ಅಂಗವೊಂದಿದೆ, ಅದು ಅಲ್ಲಿನ ದ್ರವದ ಚಲನೆಯಿಂದ ಅಲುಗಾಟವನ್ನು ತಿಳಿಯುತ್ತದೆ. ಮತ್ತೆ ಮತ್ತೆ ಬೆದರಿದ ಮಿದುಳು ಅದರಿಂದ ಬರುವ ಅತಿ ಸಣ್ಣ ಸೂಚನೆಯನ್ನೂ, ನಿಮ್ಮದೇ ಎದೆಬಡಿತವನ್ನೂ ಕಂಪನವೆಂದು ಓದತೊಡಗುತ್ತದೆ. ಜೊತೆಗೆ, ಅಂಥ ಸರಣಿಯ ನಡುವೆ ನಿಜವಾದ ಪುಟ್ಟ ಕಂಪನಗಳೂ ಆಗುತ್ತಿರುವುದರಿಂದ ನಿಮಗೆ ಅನ್ನಿಸಿದ್ದರಲ್ಲಿ ಕೆಲವು ಸತ್ಯವೇ ಆಗಿದ್ದಿರಬಹುದು.

ಎರಡನ್ನೂ ಬೇರ್ಪಡಿಸಲು ಮಲಗುವ ಕೋಣೆಯಲ್ಲಿ ಒಂದು ದಾರಕ್ಕೆ ಬೀಗದ ಕೈ ಕಟ್ಟಿ, ಫ್ಯಾನಿನ ಗಾಳಿ ತಾಗದ ಮೂಲೆಯಲ್ಲಿ ತೂಗುಹಾಕಿ. ಹಾಸಿಗೆ ಅಲುಗಿತು ಅನ್ನಿಸಿದಾಗ ದೀಪ ಹಾಕಿ ಅದನ್ನು ನೋಡಿ, ಸಮಯ ಬರೆದಿಡಿ. ಮರುದಿನ ಆ ಸಮಯವನ್ನು ವಿಕೋಪ ಉಸ್ತುವಾರಿ ಕೇಂದ್ರದ ವರದಿಯೊಂದಿಗೆ ಹೋಲಿಸಬಹುದು. ದಾರ ಸುಮ್ಮನಿದ್ದರೂ ತಲೆಸುತ್ತು ವಾರಗಟ್ಟಲೆ ಬಿಡದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರಲ್ಲಿಗೆ ಹೋಗಿ, ಮತ್ತು ಊರಿನಲ್ಲಿ ಕಂಪನ ಆಗಿತ್ತೆಂಬುದನ್ನು ಅವರಿಗೆ ಮೊದಲೇ ಹೇಳಿ.