ಓದುಗರ ಪ್ರಶ್ನೆ: ಲಾರಿ ಪಕ್ಕಕ್ಕೆ ಸರಿದಾಗ ಕಾರೇಕೆ ನುಗ್ಗಿತು?

ಪ್ರಶ್ನೆ: ಗಂಗಾವತಿಗೆ ಹೊರಟಿದ್ದೆ, ಮುಂದಿನ ವಾಹನಕ್ಕೆ ತಕ್ಕಂತೆ ಕಾರು ತಾನೇ ವೇಗ ಹೊಂದಿಸಿಕೊಳ್ಳುವ ಅಡಾಪ್ಟಿವ್ ಕ್ರೂಸ್ ಹಾಕಿದ್ದೆ. ಭತ್ತದ ಲಾರಿಯ ಹಿಂದೆ ಕಾರು ಸರಿಯಾಗಿಯೇ ಬರುತ್ತಿತ್ತು. ಕಾರಟಗಿ ಹತ್ತಿರ ಲಾರಿ ಬಲಕ್ಕೆ ಸರಿಯಿತು. ಎದುರಿಗೆ ಟ್ರ್ಯಾಕ್ಟರ್ ಟ್ರೇಲರ್ ನಿಂತಿದ್ದರೂ ಕಾರು ವೇಗ ಹೆಚ್ಚಿಸಿತು! ನಾನೇ ಬ್ರೇಕ್ ತುಳಿದೆ. ಕಾರು ಕೆಟ್ಟಿದೆಯೇ?
– ಓದುಗರು, ಸಿಂಧನೂರು

ಉತ್ತರ: ಕೆಟ್ಟಿರಲಿಕ್ಕಿಲ್ಲ, ಅದರ ಮಿತಿಯೇ ಅದು. ಮುಂದೇನಿದೆ ಎಂದು ಇಂಥ ಕಾರುಗಳು ಸಾಮಾನ್ಯವಾಗಿ ರಾಡಾರ್ ಅಲೆ ಕಳಿಸಿ ತಿಳಿಯುತ್ತವೆ. ಸೂಚನಾ ಫಲಕ, ಸೇತುವೆ, ತಡೆಗೋಡೆ ಎಲ್ಲಕ್ಕೂ ರಾಡಾರ್ ಅಲೆ ತಾಗಿ ವಾಪಸು ಬರುತ್ತದೆ. ಪ್ರತಿಯೊಂದಕ್ಕೂ ಬ್ರೇಕ್ ಬಿದ್ದರೆ ಗಾಡಿ ಓಡಿಸಲಾಗದು. ಅದಕ್ಕೇ ವೇಗದಲ್ಲಿದ್ದಾಗ ನಿಂತ ವಸ್ತುಗಳನ್ನು ಅನೇಕ ಕಾರುಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಲಾರಿ ಸರಿದೊಡನೆ ದಾರಿ ಖಾಲಿಯೆಂದು ತಿಳಿದು, ನೀವು ಇಟ್ಟ ವೇಗಕ್ಕೆ ಏರುತ್ತವೆ.

ಆ ಕ್ಷಣ ಮೀಟರ್‌ನಲ್ಲಿರುವ ಮುಂದಿನ ವಾಹನದ ಪುಟ್ಟ ಚಿತ್ರ ಆರಿಹೋಗುತ್ತದೆ, ಅಷ್ಟೇ. 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 22 ಮೀಟರ್ ಸಾಗುತ್ತೀರಿ. ಅದನ್ನು ಗಮನಿಸಲು ಎರಡು ಸೆಕೆಂಡ್ ಹಿಡಿದರೆ 44 ಮೀಟರ್ ಹೋಯಿತು. ಹೊಣೆ ಚಾಲಕನ ಕೈಗೆ ಮರಳುವ ಗಳಿಗೆಯನ್ನು ಇಷ್ಟು ಸದ್ದಿಲ್ಲದೆ ತಿಳಿಸುವುದು ನಮ್ಮ ದೃಷ್ಟಿಯಲ್ಲಿ ವಿನ್ಯಾಸದ ದೊಡ್ಡ ಕೊರತೆ. ಸದ್ದೋ ಸ್ಟೀರಿಂಗ್ ನಡುಕವೋ ಇರಲೇಬೇಕು.

ಕ್ರೂಸ್ ವೇಗವನ್ನು ಲಾರಿಯ ವೇಗದಷ್ಟೇ ಇಡಿ. 60ರಲ್ಲಿ ಹೋಗುವ ಲಾರಿಯ ಹಿಂದೆ 100 ಇಟ್ಟರೆ ಹೀಗೆಯೇ ನುಗ್ಗುತ್ತದೆ. ಅಂತರವನ್ನು ಗರಿಷ್ಠಕ್ಕೆ ಇಡಿ. ಲಾರಿ ಇಂಡಿಕೇಟರ್ ಹಾಕಿದ ಕೂಡಲೇ ಕ್ಯಾನ್ಸಲ್ ಒತ್ತಿ. ರಸ್ತೆ ಮೇಲೆ ಭತ್ತ ಒಣಹಾಕಿದ್ದರೆ, ಕುರಿ ಹಿಂಡು ಓಡಾಡುವ ಹೊತ್ತಾದರೆ ಕ್ರೂಸ್ ಬೇಡವೇ ಬೇಡ.

ಪ್ರಶ್ನೆ: ಕಾರು ಲೇನ್ ಗೆರೆ ದಾಟಿದರೆ ಕೂಗುವ ಲೇನ್ ಎಚ್ಚರಿಕೆ ಸದಾ ಕೂಗುತ್ತದೆ. ಎಲ್ಲವನ್ನೂ ಆಫ್ ಮಾಡಲೇ?
– ಓದುಗರು, ಬಳ್ಳಾರಿ

ಉತ್ತರ: ಬಿಳಿಗೆರೆ ಅಳಿಸಿದ ರಸ್ತೆಯಲ್ಲಿ, ಕಾಮಗಾರಿಯ ತಿರುವಿನಲ್ಲಿ ಲೇನ್ ಸಹಾಯ ಮಾತ್ರ ಆಫ್ ಮಾಡಿ. ಡಿಕ್ಕಿ ಎಚ್ಚರಿಕೆ, ತುರ್ತು ಬ್ರೇಕ್ ಆಫ್ ಮಾಡಬೇಡಿ. ಸುಮ್ಮನೆ ಕೂಗುವ ಎಚ್ಚರಿಕೆಗೆ ಕಿವಿ ಒಗ್ಗಿಬಿಟ್ಟರೆ ನಿಜವಾದ ಕೂಗೂ ಕೇಳಿಸದು; ಅದಕ್ಕೆ ಸೆಟ್ಟಿಂಗ್‌ನಲ್ಲಿ ಸೂಕ್ಷ್ಮತೆ ತಗ್ಗಿಸಲು ಬರುತ್ತದೆಯೇ ನೋಡಿ. ಇಂಡಿಕೇಟರ್ ಹಾಕಿ ಲೇನ್ ಬದಲಿಸಿದರೆ ಸಾಮಾನ್ಯವಾಗಿ ಕೂಗುವುದಿಲ್ಲ.

ಅದಿರು ಲಾರಿಗಳ ಕೆಂಧೂಳು ನಿಮ್ಮ ಕಡೆ ಜಾಸ್ತಿ. ಹೊರಡುವ ಮುನ್ನ ಗಾಜಿನ ಮೇಲ್ಭಾಗದ ಕ್ಯಾಮೆರಾ ಜಾಗವನ್ನು, ರಾಡಾರ್ ಮುಚ್ಚಳವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಗಾಜು ಬದಲಿಸಿದರೆ ಕ್ಯಾಮೆರಾ ಕ್ಯಾಲಿಬ್ರೇಷನ್ (ಕ್ಯಾಮೆರಾವನ್ನು ಮತ್ತೆ ಸರಿಯಾಗಿ ಹೊಂದಿಸುವುದು) ಕೇಳಿ ಮಾಡಿಸಿಕೊಳ್ಳಿ. ಆಯುಧ ಪೂಜೆಗೆ ಕಟ್ಟಿದ ಚೆಂಡು ಹೂವಿನ ಹಾರ, ನಿಂಬೆಹಣ್ಣು ರಾಡಾರ್ ಮುಂದೆ ತೂಗುತ್ತಿದ್ದರೆ ಪಕ್ಕಕ್ಕೆ ಸರಿಸಿ ಕಟ್ಟಿ.