ಬಾಟ್ಲಿ ಜೋಡಿ ಚೀಟಿ

ತಂಗಿ, ನಿನ್ನ ಪತ್ರ ಎರಡು ಸಲ ಓದಿದೆ. ಗದಗಿನಿಂದ ಧಾರವಾಡಕ್ಕ ಬಂದು ಎಂ.ಎಸ್ಸಿ. ಮುಗಿಸಿ, ಈಗ ನ್ಯಾನೊ ವಿಜ್ಞಾನದಾಗ ಪಿಎಚ್.ಡಿ. ಮಾಡಲಿಕ್ಕೆ, ಹಲವು ದೇಶದ ಲ್ಯಾಬು ಕೂಡಿ ನಡಸೂ ಯುರೋಪಿನ ಡಾಕ್ಟರಲ್ ನೆಟ್‌ವರ್ಕಿನಾಗ ಸೀಟು ಸಿಕ್ಕು ಬೆಲ್ಜಿಯಮ್ಮಿಗೆ ಹೊಂಟೀದಿ. "ಅಣ್ಣಾರ, ಪಗಾರ ಸಾಲ್ತದೇನು, ಜ್ವಾಳದ ಹಿಟ್ಟು ಸಿಗ್ತದೇನು, ನಾಕು ದೇಶದ ಲ್ಯಾಬಿನವರ ಜೋಡಿ ಒಬ್ಬಾಕಿ ಹೆಂಗ ಕೆಲಸಾ ಮಾಡ್ಲಿ" ಅಂತ ಕೇಳೀದಿ. ಮೊದಲಿನ ಎರಡಕ್ಕ ಉತ್ತರ ಸಣ್ಣದು.

ಆಫರ್ ಪತ್ರದಾಗಿನ ಯುರೋ ಅಂಕಿ ರೂಪಾಯಿಗೆ ಗುಣಿಸಿ ಮನ್ಯಾಗ ಹೇಳಿಬಿಟ್ಟಿರ್ತೀ. ಅಷ್ಟೂ ಕೈಗೆ ಬರೂದಿಲ್ಲ. ನಿನ್ನ ನೆಟ್‌ವರ್ಕಿಗೆ ರೊಕ್ಕ ಕೊಡೂ ಮೇರಿ ಕ್ಯೂರಿ ಯೋಜನಾದ ಅಂಕಿಯೊಳಗ ಸಂಸ್ಥಾದವರು ಕಟ್ಟೂ ಪಾಲು, ನೀ ಕಟ್ಟೂ ಪಾಲು, ತೆರಿಗಿ ಎಲ್ಲಾ ಸೇರಿರ್ತಾವ. ನಿವ್ವಳ ಎಷ್ಟು ಅಂತ ಮೇಲ್ ಬರದು ಕೇಳು, ಸಂಕೋಚ ಬ್ಯಾಡ. ಒಬ್ಬರಿಗೆ ಸಾಲ್ತದ. ಯೋಜನಾದ ರೊಕ್ಕ ಹೆಚ್ಚಾಗಿ ಮೂರು ವರ್ಷದ್ದು, ಪಿಎಚ್.ಡಿ. ಮಾತ್ರ ನಾಕಕ್ಕ ಹೋಗೂದು ಇಲ್ಲೆ ಮಾಮೂಲು. ನಾಕನೇ ವರ್ಷದ ಪಗಾರ ಯಾರು ಕೊಡ್ತಾರ ಅನ್ನೂದನ್ನ ಸಹಿ ಮಾಡೂ ಮುಂಚೆ ಬರವಣಿಗಿಯಾಗ ಇಸ್ಕೊ.

ಜ್ವಾಳದ ಹಿಟ್ಟು ಸಿಗ್ತದ, ಹಳೇದಿರ್ತದ, ಬಡದ್ರ ಅಂಚಿನಾಗ ಬಿರೀತದ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಕೊಂಡು ಬಾ. ಪೇಢೆ ಬ್ಯಾಡ: ಹೊರಗಿನ ದೇಶದಿಂದ ಹಾಲಿನ ಪದಾರ್ಥ ಚೀಲದಾಗ ತರೂದಕ್ಕ ಯುರೋಪಿನಾಗ ಬಂದಿ ಅದ. ವಿಮಾನ ನಿಲ್ದಾಣದ ಕಸದ ಡಬ್ಬಿಗೆ ಧಾರವಾಡ ಪೇಢೆ ಹೋಗೂದು ನೋಡಲಿಕ್ಕೆ ಆಗೂದಿಲ್ಲ.

ಈಗ ಕೆಲಸದ ಮಾತು. ನ್ಯಾನೊದಾಗ ಲ್ಯಾಬಿನವರು ಇಷ್ಟು ಕೂಟ ಯಾಕ ಕಟ್ಟತಾರ ಅಂದ್ರ, ಬೇಕಾದ ಮಶೀನು ಒಂದ ಲ್ಯಾಬಿಗೆ ಕೊಳ್ಳಲಿಕ್ಕೂ ಆಗೂದಿಲ್ಲ, ಸಾಕಲಿಕ್ಕೂ ಆಗೂದಿಲ್ಲ. ಅಮೆರಿಕಾದವರು 2000ರಾಗ ರಾಷ್ಟ್ರೀಯ ನ್ಯಾನೊ ಕಾರ್ಯಕ್ರಮ ಸಾರಿದ್ರು, 2015ರಾಗ 16 ಕಡೆ ಹೊರಗಿನವರಿಗೂ ತೆರೆದ ಲ್ಯಾಬಿನ ಜಾಲ ಸುರು ಮಾಡಿದ್ರು. ನಮ್ಮಲ್ಲೆ 2007ರಾಗ ನ್ಯಾನೊ ಮಿಷನ್ ಬಂತು. ಯುರೋಪು 2013ರಾಗ ಗ್ರಾಫೀನ್ ಒಂದರ ಸಲುವಾಗಿ ಹತ್ತು ವರ್ಷಕ್ಕ ನೂರು ಕೋಟಿ ಯುರೋದ ಲೆಕ್ಕ ಹಾಕಿತು. ಕಾಗದದ ಮ್ಯಾಲೆ ಇವೆಲ್ಲಾ ಭಾಳ ದೊಡ್ಡ ಮಾತು. ನಿನ್ನ ಪಾಲಿಗೆ ನೆಟ್‌ವರ್ಕ್ ಅಂದ್ರ ಒಂದು ಸಣ್ಣ ಬಾಟ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗೂದು. ಕೆಟ್ಟರ ಅಲ್ಲೇ ಕೆಡ್ತದ.

ಬಂಗಾರದ ನ್ಯಾನೊ ಕಣ ಮಾಡೀನಿ ಅಂತ ಬರದೀದಿ, ಅದನ್ನ ಹಿಡಿ. ಸಿಟ್ರೇಟ್ ಹಾಕಿ ಮಾಡಿದ 15–20 ನ್ಯಾನೊಮೀಟರಿನ ದ್ರಾವಣ ಮಾಣಿಕ್ಯದಂಗ ಕೆಂಪಗಿರ್ತದ, ಬೆಳಕು ಹೀರೂ ಶಿಖರ 520 ನ್ಯಾನೊಮೀಟರಿನ ಸುತ್ತ. ಕಣಗಳನ್ನ ದೂರ ಇಡೂದು ಸಿಟ್ರೇಟಿನ ಋಣ ವಿದ್ಯುತ್ತು. ಉಪ್ಪು ಬಿತ್ತಂದ್ರ ಆ ತಡಿ ಹೋಗಿ ಕಣ ಒಂದಕ್ಕೊಂದು ಅಂಟತಾವ. ಹೆಪ್ಪುಗಟ್ಟಿದ್ರೂ ಹಂಗ: ನೀರು ಮಂಜಾಗೂವಾಗ ಕಣ, ಉಪ್ಪು ಎಲ್ಲಾನೂ ಮೂಲಿಗೆ ಒತ್ತತದ. ಕರಗಿದ ಮ್ಯಾಲೆ ನೀಲಿ ಇಲ್ಲಾ ಬೂದಿ ಬಣ್ಣ. ಒಡದ ಹಾಲು ಎಷ್ಟು ಕುದಿಸಿದ್ರೂ ಹಾಲು ಆಗೂದಿಲ್ಲಲ್ಲಾ, ಇದೂ ಹಂಗ. ನವೆಂಬರಿನಿಂದ ಮಾರ್ಚಿನ ತನಕ ಇಲ್ಲಿಯ ಪಾರ್ಸೆಲ್ ಗಾಡ್ಯಾಗ ಒಂದು ರಾತ್ರಿ ನಿಂತರ ಸಾಕು.

ಅದಕ್ಕ ಒಂದ ಬ್ಯಾಚನ್ನ ಮೂರು ಪಾಲು ಮಾಡು. ಒಂದು ನಿನ್ನ ಫ್ರಿಜ್ಜಿನಾಗ 2ರಿಂದ 8 ಡಿಗ್ರಿಯೊಳಗ ಇರಲಿ, ಫ್ರೀಜರಿಗೆ ಹೋಗಬಾರದು. ಎರಡನೇದು ಹೋಗಲಿ. ಮೂರನೇದೂ ಅದರ ಜೋಡಿನ ಹೋಗಿ, ಅಲ್ಲೆ ತೆರೀದನ ಹೊಳ್ಳಿ ಬರಲಿ. ದಾರ್ಯಾಗ ಕೆಟ್ಟಿತೋ ಅವರ ಕೈಯಾಗ ಕೆಟ್ಟಿತೋ ಅದು ಹೇಳ್ತದ. ಕಳಸೂ ಮುಂಚೆ ಯುವಿ-ವಿಸಿಬಲ್ (ಯಾವ ಬಣ್ಣದ ಬೆಳಕು ಎಷ್ಟು ಹೀರ್ತದ ಅನ್ನೂ ಅಳತಿ) ತಗೊಂಡು 520ರ ಅಂಕಿ, 650ರ ಅಂಕಿ ಬರದಿಡು, ಅವರಿಗೂ ಮುಟ್ಟಿದ ದಿನಾನ ತಗೀಲಿಕ್ಕೆ ಹೇಳು. 520ಕ್ಕ ಹೋಲಿಸಿದ್ರ 650ರದ್ದು ಏರಿತ್ತಂದ್ರ ಕಣ ಗಂಟು ಕಟ್ಟ್ಯಾವ. ಐದು ನಿಮಿಷದ ಕೆಲಸ.

ಬಾಟ್ಲಿ ಜೋಡಿ ಚೀಟಿ ಇಲ್ಲಂದ್ರ ಬಾಟ್ಲಿ ಕಳಸಬ್ಯಾಡ. ಮಾಡಿದ ದಿನ, ಬ್ಯಾಚ್ ನಂಬರು, ಬಂಗಾರದ ಉಪ್ಪು ಎಷ್ಟು, ಸಿಟ್ರೇಟ್ ಎಷ್ಟು, ಯಾವ ನೀರು, ಪಿಎಚ್, ಗಾಜಿನ ಸಾಮಾನು ಬಂಗಾರ ಕರಗಿಸೂ ಆಮ್ಲ ಆಕ್ವಾ ರೀಜಿಯಾದಾಗ ತೊಳದದ್ದೋ ಇಲ್ಲೋ. ಡಿಎಲ್‌ಎಸ್ (ಚೆದುರಿದ ಬೆಳಕಿನಿಂದ ಕಣದ ಗಾತ್ರ ತಿಳಿಯೂದು) ಅಳತಿ ಇದ್ದರ ಉಷ್ಣತಾ, ಎಷ್ಟು ತೆಳು ಮಾಡೀದಿ, ಯಾವ ಫಿಲ್ಟರು, ಅಂಕಿ ತೀವ್ರತೆಯ ಲೆಕ್ಕದ್ದೋ ಸಂಖ್ಯೆಯ ಲೆಕ್ಕದ್ದೋ. ಉಷ್ಣತಾ ಯಾಕಂದ್ರ ನೀರಿನ ಜಿಗಿ 20 ಡಿಗ್ರಿಗೆ 1.00 ಇದ್ದದ್ದು 25ಕ್ಕ 0.89ಕ್ಕ ಇಳೀತದ. ಮಶೀನಿಗೆ ತಪ್ಪು ಉಷ್ಣತಾ ಕೊಟ್ಟರ ಕಣದ ಗಾತ್ರ ಶೇಕಡಾ ಹತ್ತಕ್ಕಿಂತ ಹೆಚ್ಚು ತಪ್ಪತದ. ಧೂಳಿನ ಲೆಕ್ಕ ಇನ್ನೂ ಕೆಟ್ಟದ್ದು. ಇಷ್ಟು ಸಣ್ಣ ಕಣ ಚೆದುರಿಸೂ ಬೆಳಕು ವ್ಯಾಸದ ಆರನೇ ಘಾತಕ್ಕ ತಕ್ಕಂಗ ಏರ್ತದ: 50 ನ್ಯಾನೊಮೀಟರಿನ ಒಂದು ಕಣ, 10ರ 15,625 ಕಣದಷ್ಟು ಬೆಳಕು ಕೊಡ್ತದ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನವರು ಒಂದು ಗಾತ್ರ ಹೇಳಿ, ಡಿಎಲ್‌ಎಸ್‌ನವರು ಅದಕ್ಕಿಂತ ದೊಡ್ಡದು ಹೇಳಿದ್ರ ಜಗಳಾಡಬ್ಯಾಡ. ಒಬ್ಬರು ಲೋಹ ಅಷ್ಟ ನೋಡ್ಯಾರ, ಇನ್ನೊಬ್ಬರು ಅದರ ಮೈಗೆ ಹತ್ತಿದ ನೀರನ್ನೂ ಹಿಡದು ಅಳದಾರ. ಅಮೆರಿಕಾದ ಅಳತಿ-ಮಾನದಂಡದ ಸಂಸ್ಥಾ ಎನ್‌ಐಎಸ್‌ಟಿಯವರು, ಗಾತ್ರ ಮೊದಲೇ ಅಳದಿಟ್ಟ ಬಂಗಾರದ ಪರಾಮರ್ಶ ಬಾಟ್ಲಿ 10, 30, 60 ನ್ಯಾನೊಮೀಟರಿನವು ಮಾಡ್ಯಾರ. ಅದರ ಜೋಡಿ ಬರೂ ವರದಿಯಾಗೂ ಒಂದ ಬಾಟ್ಲಿಗೆ ವಿಧಾನಕ್ಕೊಂದು ಅಂಕಿ. ಕೂಟದ ಲ್ಯಾಬೆಲ್ಲಾ ಮೊದಲು ಆ ಬಾಟ್ಲಿ ಅಳದು, ಆಮ್ಯಾಲೆ ನಿಮ್ಮದು ಅಳೀಲಿ.

ಒಂದ ಸ್ಯಾಂಪಲ್ ಮ್ಯಾಲೆ ನಾಕು ಲ್ಯಾಬಿನವರ ಕೆಲಸ ಇದ್ದರ ಸರತಿ ತಪ್ಪಿಸಬ್ಯಾಡ. ರಾಮನ್ (ಲೇಸರ್ ಬೆಳಕಿನ ಅಳತಿ), ಎಎಫ್‌ಎಂ (ಸೂಜಿ ಮೊನಿಯಿಂದ ಮೈ ತಡವಿ ನೋಡೂದು), ಎಕ್ಸ್‌ಪಿಎಸ್ (ಎಕ್ಸ್-ಕಿರಣದಿಂದ ಮೇಲ್ಪದರದ ರಸಾಯನ ನೋಡೂದು) ಮೊದಲು, ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪು) ಕಡೀಕ. ಎಲೆಕ್ಟ್ರಾನ್ ಕಿರಣ ಬಿದ್ದ ಜಾಗಾದಾಗ ಇಂಗಾಲದ ಕರಿ ಪದರ ಕೂಡ್ತದ, ಆಮ್ಯಾಲೆ ಎಕ್ಸ್‌ಪಿಎಸ್‌ನವರಿಗೆ ಕಾಣೂದು ಆ ಕೊಳಿನ.

ಕ್ಲೀನ್ ರೂಮ್ ನಿಂಗ ಒಂದ ಮಾತಿನಾಗ ತಿಳೀತದ: ಮಡಿ. ಕುಂಕುಮ, ವಿಭೂತಿ, ಕಾಡಿಗಿ ಹೊರಗ. ಬೆವರಿನ ಸೋಡಿಯಂ ಆಕ್ಸೈಡಿನಾಗ ಹೊಕ್ಕರ ಟ್ರಾನ್ಸಿಸ್ಟರಿನ ವೋಲ್ಟೇಜ್ ಸರಿದಾಡ್ತದ. ನಮ್ಮ ಕಡೆ ಬಂಗಾರ ಅಂದ್ರ ಶುಭ, ಸಿಲಿಕಾನ್ ಲೈನಿನಾಗ ಅದ ಮೈಲಿಗಿ. ಬಂಗಾರ ಸಿಲಿಕಾನಿನಾಗ ಲಗೂನ ಹರಡಿ ಎಲೆಕ್ಟ್ರಾನಿನ ಆಯುಷ್ಯ ಕಡಿಮಿ ಮಾಡ್ತದ. ನಿನ್ನ ಬಂಗಾರ ತಾಕಿದ ಚಿಮಟಾ ಸುದ್ದಾ ಅಲ್ಲೆ ಹೋಗಂಗಿಲ್ಲ. ಇನ್ನ ಹೈಡ್ರೋಫ್ಲೋರಿಕ್ ಆಮ್ಲ: ತೆಳು ದ್ರಾವಣ ಚರ್ಮಕ್ಕ ಬಿದ್ದರ ಆಗಿಂದಾಗ ಉರಿಯೂದಿಲ್ಲ, ತಾಸುಗಟ್ಟಲೆ ಆದ ಮ್ಯಾಲೆ ಗೊತ್ತಾಗ್ತದ, ಅಷ್ಟರಾಗ ಒಳಗ ಇಳದು ಮೈಯಾಗಿನ ಕ್ಯಾಲ್ಸಿಯಂ ಹಿಡೀತದ. ನೀರು, ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್, ದವಾಖಾನಿ, ಇದ ಕ್ರಮ. ಮೊದಲನೇ ದಿನ ಜೆಲ್ ಎಲ್ಲೆ ಇಟ್ಟಾರ ಅಂತ ಕಣ್ಣಿಲೆ ನೋಡಿ ಬಾ.

ಇದೆಲ್ಲಾ ಕಲೀಬಹುದು. ನಮ್ಮ ಮಂದಿಗೆ ಕಲೀಲಿಕ್ಕೆ ಭಾರ ಆಗೂದು ಬ್ಯಾರೆ. ನಮ್ಮಲ್ಲೆ ಸರ್ ಕೇಳಿದ್ರ "ಹೂಂರೀ ಸರ್, ಆಗ್ತದರೀ" ಅನ್ನೂದು ಮರ್ಯಾದಿ. "ಬರಲಿಲ್ಲರೀ" ಅನ್ನೂದಕ್ಕ ನಾಲಿಗಿ ಏಳೂದಿಲ್ಲ. ಇಲ್ಲೆ ನಿನ್ನ ಹೂಂ ಮ್ಯಾಲೆ ಇನ್ನೊಂದು ದೇಶದಾಗ ಒಬ್ಬರು ಮಶೀನಿನ ಸರದಿ ಹಿಡದಿರ್ತಾರ, ಇನ್ನೊಬ್ಬರು ವರದಿಯ ಗಡುವು ಬರದಿರ್ತಾರ. ನಾ ಬಂದದ್ದು ಜನವರಿಯಾಗ. ಆ ತಿಂಗಳ ಕಳಿಸಿದ ದ್ರಾವಣ ದಾರ್ಯಾಗ ಹೆಪ್ಪುಗಟ್ಟಿತ್ತು. ಅವರು "ಅಳತಿ ಕೂಡವಲ್ದು" ಅಂತ ಬರದಾಗ ನಾ "ಇಲ್ಲೆ ಚಲೋ ಇತ್ತು" ಅಂದು ಸುಮ್ಮಾದೆ. ಹೊಳ್ಳಿ ಮಾಡಿ ಕಳಸಲಿಕ್ಕೆ ಎರಡು ದಿನ ಸಾಕಿತ್ತು. ನಾಕು ತಿಂಗಳ ಹೋತು, ನಂದಲ್ಲ: ಅಲ್ಲೆ ನನ್ನಂಗ ಹೊಸದಾಗಿ ಬಂದಾಕಿ ಒಬ್ಬಾಕಿದು. ಆಕಿಗೆ ಖರೇ ಸಂಗತಿ ಬರದು ತಿಳಿಸಿದ್ದು ಆಕಿ ಬಿಟ್ಟು ಹೋದ ಮ್ಯಾಲೆ.

ಹಂಗಾಗಿ ಪ್ರತಿ ಶುಕ್ರವಾರ ಮೂರು ಸಾಲು ಎಲ್ಲಾರಿಗೂ ಬರಿ: ಏನು ಮಾಡಿದೆ, ಏನು ಬರಲಿಲ್ಲ, ಯಾರಿಗೆ ಏನು ತಡಾ ಆಗ್ತದ. ಪೇಪರಿನಾಗ ಯಾರ ಹೆಸರು ಎಲ್ಲೆ ಅನ್ನೂದೂ ಸ್ಯಾಂಪಲ್ ಕಳಸೂ ಮುಂಚೆನ ಬರವಣಿಗಿಯಾಗ ಆಗಲಿ. ಪೋಸ್ಟರ್ ಹಚ್ಚೂ ಮುಂಚೆ ಕೂಟದ ಒಪ್ಪಂದದಾಗ ಎಷ್ಟು ದಿನ ಮೊದಲು ತಿಳಿಸಬೇಕಂತ ಅದ ನೋಡು. ಚಿತ್ರ ಚಲೋ ಬಂತಂತ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬ್ಯಾಡ, ಪೇಟೆಂಟಿನ ದಾರಿ ಮುಚ್ಚಬಹುದು.

ಕಾಗದಪತ್ರ. ಘಟಿಕೋತ್ಸವದ ಮೂಲ ಪ್ರಮಾಣಪತ್ರಕ್ಕ ಅಪೋಸ್ಟಿಲ್ (ಹೊರದೇಶದಾಗ ಒಪ್ಪೂ ಸರಕಾರಿ ಮುದ್ರಿ) ಮಾಡಿಸ್ಕೊಂಡ ಬಾ, ಪ್ರೊವಿಜನಲ್ ನೆಚ್ಚಬ್ಯಾಡ. ನೇಮಕದ ಹಿಂದಿನ 36 ತಿಂಗಳಾಗ 12ಕ್ಕಿಂತ ಹೆಚ್ಚು ಬೆಲ್ಜಿಯಮ್ಮಿನಾಗ ಇದ್ದಿರಬಾರದು ಅನ್ನೂ ನಿಯಮ ನಿಂಗ ಹತ್ತೂದಿಲ್ಲ. ಬ್ಯಾರೆ ಲ್ಯಾಬಿಗೆ ಹೋಗಿ ಇರೂದು ಒಟ್ಟು ಅವಧಿಯ ಮೂರನೇ ಒಂದು ಪಾಲಿನ ತನಕ ಆಗಬಹುದು. ಆದ್ರ ಬೆಲ್ಜಿಯಮ್ಮಿನ ವಾಸದ ಕಾರ್ಡಿನ ಮ್ಯಾಲೆ ಬ್ಯಾರೆ ಷೆಂಗನ್ ದೇಶದಾಗ ಸಾಮಾನ್ಯವಾಗಿ 180 ದಿನದಾಗ 90 ದಿನ ಅಷ್ಟ. ನಾಕು ತಿಂಗಳ ಫ್ರಾನ್ಸಿನ ಗ್ರೆನೋಬಲ್ ಅಂತ ಯೋಜನಾದಾಗ ಬರದಿದ್ರ ಸಂಶೋಧಕರ ಸಂಚಾರದ ನಿಯಮದಾಗ ಏನೇನು ಕಾಗದ ಬೇಕು ಕೇಳು, ಮೊದಲನೇ ತಿಂಗಳದಾಗ ಸುರು ಮಾಡು.

ಬರೂದಕ್ಕ ಇನ್ನೂ ಟೈಮ್ ಇದ್ದರ ಬೆಂಗಳೂರಿನ ಐಐಎಸ್‌ಸಿಯಾಗ ಹೊರಗಿನ ವಿದ್ಯಾರ್ಥಿಗಳಿಗೆ ಕ್ಲೀನ್ ರೂಮ್ ತರಬೇತಿ ಕೊಡೂ ಐಎನ್‌ಯುಪಿಗೆ ಅರ್ಜಿ ಕರದಾರೇನು ನೋಡು. ರಾತ್ರಿ ಹುಬ್ಬಳ್ಳ್ಯಾಗ ಟ್ರೇನ್ ಹತ್ತಿದ್ರ ಬೆಳಕು ಹರಿಯೂದ್ರಾಗ ಬೆಂಗಳೂರು. ಮತ್ತ ಗುರೆಳ್ಳು ಚಟ್ನಿ ಒಂದು ಡಬ್ಬಿ ನನಗೂ ಕಟ್ಟು. ಕುಟ್ಟಿದ ದಿನ ಮ್ಯಾಲೆ ಬರದಿರು.