ಸೆಲ್ಟಿಕ್ಸ್ ಗೆದ್ದದ್ದು ಕೋಚ್‌ನಿಂದಲೋ, ರಸೆಲ್‌ರಿಂದಲೋ?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡ ಬಾಸ್ಟನ್ ಸೆಲ್ಟಿಕ್ಸ್ ಗೆದ್ದದ್ದೆಲ್ಲ ಆಟಗಾರ ಬಿಲ್ ರಸೆಲ್ ಅವರಿಂದ, ಕೋಚ್ ರೆಡ್ ಔರ್‌ಬ್ಯಾಕ್‌ಗೆ ಸುಮ್ನೆ ಹೆಸರು ಬಂತು ಅಲ್ವಾ ಅಂತ ಕೇಳಿದ್ದೀರಿ. ಅರ್ಧ ನಿಜ. ಔರ್‌ಬ್ಯಾಕ್ ಬಂದದ್ದು 1950ರಲ್ಲಿ. ಬಾಬ್ ಕೂಸಿಯಂಥ ಆಟಗಾರ ಇದ್ದರೂ ಮೊದಲ ಆರು ಸೀಸನ್‌ನಲ್ಲಿ ಎನ್‌ಬಿಎ (ಅಲ್ಲಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್) ಕಪ್ ಒಂದೂ ಸಿಗಲಿಲ್ಲ. ರಸೆಲ್ ಬಂದ ಮೊದಲ ಸೀಸನ್ನಿಗೇ, 1957ರಲ್ಲಿ, ಸಿಕ್ಕಿತು!

ಆದರೆ ರಸೆಲ್‌ರನ್ನು ತಂದವರು ಯಾರು? ತಂಡದಲ್ಲಿ ಅಂಕ ಗಳಿಸುವವರು ಬೇಕಾದಷ್ಟು ಇದ್ದರು, ರಿಬೌಂಡ್ (ಬುಟ್ಟಿಗೆ ಬೀಳದೆ ಚಿಮ್ಮಿದ ಚೆಂಡು) ಹಿಡಿದು ಎದುರಾಳಿಯನ್ನು ತಡೆಯುವವರು ಇರಲಿಲ್ಲ. ಅದನ್ನು ಕಂಡೇ ಔರ್‌ಬ್ಯಾಕ್ 1956ರಲ್ಲಿ ಸ್ಟಾರ್ ಆಟಗಾರ ಎಡ್ ಮಕಾಲಿಯವರನ್ನೂ ಕ್ಲಿಫ್ ಹೇಗನ್‌ರನ್ನೂ ಸೇಂಟ್ ಲೂಯಿಸ್ ಹಾಕ್ಸ್‌ಗೆ ಬಿಟ್ಟುಕೊಟ್ಟರು. ಇನ್ನೂ ಒಂದೂ ಎನ್‌ಬಿಎ ಪಂದ್ಯ ಆಡದ ಹುಡುಗನಿಗಾಗಿ! ನನಗಂತೂ ಅವರ ದೊಡ್ಡ ಕೆಲಸ ಇದೇ ಅನ್ನಿಸುತ್ತದೆ. ಗೆಲುವು ಖಾತ್ರಿಯಾದರೆ ಬೆಂಚಿನಲ್ಲೇ ಚುಟ್ಟ ಹಚ್ಚುತ್ತಿದ್ದ ಆಸಾಮಿ, ಎದುರಾಳಿಗಳಿಗೆ ಉರಿಯುತ್ತಿದ್ದದ್ದು ಬೇರೆ ಮಾತು.

1966ರ ಹೊತ್ತಿಗೆ ಔರ್‌ಬ್ಯಾಕ್ ಕೈಯಲ್ಲಿ 9 ಕಪ್, ಕೊನೆಯ 8 ಸತತ. ಆಮೇಲೆ ಕೋಚ್ ಕುರ್ಚಿಯನ್ನು ರಸೆಲ್‌ಗೇ ಕೊಟ್ಟರು. ಎನ್‌ಬಿಎಯ ಮೊದಲ ಕಪ್ಪುವರ್ಣೀಯ ಮುಖ್ಯ ಕೋಚ್ ರಸೆಲ್ ಅವರೇ. ಆಡುತ್ತಲೇ ತಂಡ ನಡೆಸಿ 1968, 1969ರಲ್ಲಿ ಇನ್ನೆರಡು ಗೆದ್ದರು. ನಿಮ್ಮ ವಾದಕ್ಕೆ ಬಲ ಬೇಕಿದ್ದರೆ ಆ ಎರಡನ್ನು ಹಿಡಿಯಿರಿ.